ಧಾರೆಯವರು, ಕೂಡಿಕೆಯವರು: ಅಜ್ಜಿ ಹೇಳಿದ ಸುಖದ ಲೆಕ್ಕ

ಹೋದ ತಿಂಗಳು ಹಾಲಿನ ಡೇರಿ ಸುದ್ದಿ ಮಾಡಲು ಪಕ್ಕದ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆವು. ಸುದ್ದಿ ಸಿಕ್ಕಿದ್ದು ಅರ್ಧ ಗಂಟೆಯಲ್ಲಿ. ಅರಳಿಕಟ್ಟೆ ಮೇಲೆ ಕೂತಿದ್ದು ಎರಡು ಗಂಟೆ. ಅಲ್ಲಿ ನಡೆಯುತ್ತಿದ್ದ ಮಾತು ಹಾಲಿನ ರೇಟಿನದಲ್ಲ. ಊರಿನ ಒಬ್ಬ ಹುಡುಗಿ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋದವಳು, ಅಲ್ಲೇ ಒಬ್ಬ ಹುಡುಗನ ಜೊತೆ ಮನೆ ಮಾಡಿಕೊಂಡಿದ್ದಾಳಂತೆ, ಮದುವೆ ಆಗಿಲ್ಲವಂತೆ.

"ಇದೆಲ್ಲ ಸಿಟಿ ರೋಗ ಸಾ. ನಮ್ ತಾತನ ಕಾಲ್ದಲ್ಲಿ ಇಂಥದ್ದು ಇತ್ತಾ ಹೇಳಿ?" ಎಂದು ಹಿರಿಯರೊಬ್ಬರು ನಮ್ಮನ್ನೇ ಕೇಳಿದರು.

ನಾವು ಬಾಯಿ ಬಿಡಲಿಲ್ಲ. ಯಾಕೆಂದರೆ ನಮ್ಮ ತಾತನ ಕಾಲದಲ್ಲಿ ಹೆಚ್ಚುಕಮ್ಮಿ ಇಂಥದ್ದೇ ಒಂದು ಇತ್ತು. ನಮ್ಮ ಮನೆಯಲ್ಲೇ ಇತ್ತು. ಅದರ ಹೆಸರು ಕೂಡಿಕೆ.

ಆವತ್ತು ಕಟ್ಟೆ ಮೇಲೆ ಹೇಳದೆ ಬಂದ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇವೆ. ಮದುವೆ ಆದರೆ ಸುಖವೋ, ಜೊತೆಗೆ ಬಾಳಿದರೆ ಸುಖವೋ, ಆ ಸುಖ ಎಷ್ಟು ವರ್ಷ ಉಳಿಯುತ್ತದೆ ಅನ್ನುವ ಪ್ರಶ್ನೆಗೆ ನಮ್ಮ ಸೀಮೆಯ ಹಳೇ ಪದ್ಧತಿಯಲ್ಲೇ ಅರ್ಧ ಉತ್ತರ ಇದೆ.

ಕೂಡಿಕೆ ಅಂದರೆ ಏನು

ಹಳೇ ಮೈಸೂರು ಸೀಮೆಯಲ್ಲಿ ಕೂಡಿಕೆ, ಕೂಡಾವಳಿ ಅನ್ನುತ್ತಿದ್ದರು. ಉತ್ತರ ಕರ್ನಾಟಕದ ಕಡೆ ಉಡಿಕೆ, ಸೀರುಡಿಕೆ. ಗಂಡ ಸತ್ತವಳು, ಇಲ್ಲವೇ ಗಂಡನನ್ನು ಬಿಟ್ಟು ಬಂದವಳು ಇನ್ನೊಬ್ಬನ ಜೊತೆ ಬಾಳುವುದಕ್ಕೆ ಕುಲದವರು ಕೊಟ್ಟ ಒಪ್ಪಿಗೆ ಅದು.

ಕಳೆದ ಶತಮಾನದ ಮೊದಲ ಭಾಗದಲ್ಲಿ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಮೈಸೂರು ಸಂಸ್ಥಾನದ ಜಾತಿ, ಬುಡಕಟ್ಟುಗಳ ಬಗ್ಗೆ ದೊಡ್ಡ ಸಂಪುಟಗಳನ್ನು ತಂದರು. ಅದರಲ್ಲಿ ಜಾತಿಯಿಂದ ಜಾತಿಗೆ ಕೂಡಿಕೆಯ ವಿವರ ಬರುತ್ತದೆ. ಬೇಸಾಯ, ಕುರಿ, ಕಸುಬು ನಂಬಿದ ಬಹಳಷ್ಟು ಜಾತಿಗಳಲ್ಲಿ ಇದು ಇತ್ತು. ಬ್ರಾಹ್ಮಣರಲ್ಲಿ ಮತ್ತು ಅವರಂತೆ ನಡೆಯುತ್ತಿದ್ದ ಕೆಲವು ಜಾತಿಗಳಲ್ಲಿ ಇರಲಿಲ್ಲ.

ಶಾಸ್ತ್ರ ಸಣ್ಣದು. ಚಪ್ಪರ ಇಲ್ಲ, ವಾಲಗ ಇಲ್ಲ, ಧಾರೆ ಎರೆಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಕುಲದ ಯಜಮಾನ ಮತ್ತು ನಾಲ್ಕು ಜನ ಹಿರಿಯರ ಎದುರು ಗಂಡು ಒಂದು ಹೊಸ ಸೀರೆ ಕೊಡುತ್ತಾನೆ. ಹೆಣ್ಣು ಅದನ್ನು ಉಟ್ಟು ಬರುತ್ತಾಳೆ. ತಾಳಿ ಕಟ್ಟುವುದಿದ್ದರೆ ಅಲ್ಲಿ ಮುತ್ತೈದೆಯರು ಮುಂದೆ ಬರುವುದಿಲ್ಲ. ಎಲೆ ಅಡಿಕೆ ಹಂಚಿದರೆ ಮುಗಿಯಿತು.

ಆ ಕಾಲದಲ್ಲಿ ಈ ಜಾತಿಗಳಲ್ಲಿ ವರದಕ್ಷಿಣೆ ಇರಲಿಲ್ಲ, ತೆರ ಇತ್ತು. ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ಕೊಡುವ ಹಣವೇ ತೆರ. ಕೂಡಿಕೆಯಲ್ಲಿ ತೆರ ಕಡಿಮೆ. ಹಲವು ಕಡೆ ಅರ್ಧ. ಗಂಡನನ್ನು ಬಿಟ್ಟು ಬಂದವಳಾದರೆ ಮೊದಲ ಗಂಡ ಕೊಟ್ಟಿದ್ದ ತೆರ ಮತ್ತು ಮದುವೆ ಖರ್ಚನ್ನು ತವರಿನವರೋ ಹೊಸ ಗಂಡನೋ ಹಿಂದಿರುಗಿಸಬೇಕಿತ್ತು. ನ್ಯಾಯ ಹೇಳುವವರು ಕುಲದ ಹಿರಿಯರು, ದಂಡ ಕಟ್ಟಿಸಿಕೊಳ್ಳುವವರೂ ಅವರೇ.

ಇಷ್ಟಾದ ಮೇಲೆ ಅವರು ಗಂಡ ಹೆಂಡತಿ. ಹುಟ್ಟಿದ ಮಕ್ಕಳು ಕುಲದ ಮಕ್ಕಳು. ಆದ್ದರಿಂದ ಇದು ಇವತ್ತಿನ ಲಿವ್-ಇನ್ ಅಲ್ಲ. ಈಗಿನವರು ಊರಿಗೆ ಹೇಳದೆ ಇರುತ್ತಾರೆ, ಆಗಿನವರು ಊರಿಗೆ ಹೇಳಿಯೇ ಇರುತ್ತಿದ್ದರು. ಆದರೆ ಒಂದು ವಿಷಯ ಎರಡರಲ್ಲೂ ಒಂದೇ. ಧಾರೆ ಇಲ್ಲದೆಯೂ ಗಂಡು ಹೆಣ್ಣು ಒಂದೇ ಒಲೆಯ ಅನ್ನ ಉಂಡು ಬಾಳಬಹುದು ಎಂದು ನಮ್ಮ ಹಳ್ಳಿಗಳಿಗೆ ಗೊತ್ತಿತ್ತು.

ಅಜ್ಜಿಯ ಮಾತು

ನಮ್ಮ ಅಪ್ಪನ ಅಮ್ಮ ಕೂಡಿಕೆಯವಳು. ಹನ್ನೊಂದೋ ಹನ್ನೆರಡೋ ವಯಸ್ಸಿಗೆ ಧಾರೆ ಎರೆದು ಮದುವೆ ಮಾಡಿದ್ದರಂತೆ. ಗಂಡ ಕುಡಿಯುತ್ತಿದ್ದ, ಹೊಡೆಯುತ್ತಿದ್ದ. ಹದಿನೇಳು ಹದಿನೆಂಟು ವರ್ಷಕ್ಕೆ ಒಂದು ರಾತ್ರಿ ಎದ್ದು ನಡೆದುಕೊಂಡೇ ತವರಿಗೆ ಬಂದಳು. ಅವಳಪ್ಪ ಎರಡು ಕುರಿ ಮಾರಿ ತೆರ ವಾಪಸ್ಸು ಕೊಟ್ಟು ಬಿಡುಗಡೆ ಮಾಡಿಸಿದ. ಆಮೇಲೆ ಹೆಂಡತಿ ತೀರಿಕೊಂಡಿದ್ದ ನಮ್ಮ ತಾತನಿಗೆ ಕೂಡಿಕೆಯಾದಳು. ನಲವತ್ತು ವರ್ಷಕ್ಕೂ ಹೆಚ್ಚು ಬಾಳಿದರು.

ನಾವು ಡಿಪ್ಲೊಮಾ ಓದುವಾಗ ಹಿರಿಯರೊಬ್ಬರನ್ನು ಸಂದರ್ಶನ ಮಾಡಿ ಬನ್ನಿ ಅಂದಿದ್ದರು. ರಜಕ್ಕೆ ಬಂದವರು ಅಜ್ಜಿಯನ್ನೇ ಕೂರಿಸಿಕೊಂಡು ಕೇಳಿದೆವು. "ಅಜ್ಜಿ, ನೀನು ತಾತನ ಜೊತೆ ಸುಖವಾಗಿದ್ದೆಯಾ?"

ಅವಳು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಸುಖ ಅಂದ್ರೆ ಏನು ಮಗ? ಸಂಜೆ ಆದ್ರೆ ಮನೆ ಕಡೆ ಬರೋಕೆ ಹೆದ್ರಿಕೆ ಇರ್ಲಿಲ್ಲ. ಅಷ್ಟೆ ಕಣಪ್ಪ."

ಆ ಮಾತಿಗೆ ಆಗ ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲಿನ ಜಾಗವನ್ನಷ್ಟೇ ಕೊಟ್ಟಿದ್ದೆವು. ಅದರ ತೂಕ ಗೊತ್ತಾಗಲು ಹತ್ತು ವರ್ಷ ಬೇಕಾಯಿತು.

ಆದರೆ ಅವಳ ಕಥೆಗೆ ಇನ್ನೊಂದು ಮಗ್ಗುಲಿದೆ. ಊರಲ್ಲಿ ಯಾರ ಮನೆ ಮದುವೆಯಾದರೂ ಅಜ್ಜಿ ಇರುತ್ತಿದ್ದದ್ದು ಒಲೆಯ ಹತ್ತಿರ. ಅರಿಸಿನ ಕುಟ್ಟುವ ಶಾಸ್ತ್ರಕ್ಕೆ ಕರೆಯುತ್ತಿರಲಿಲ್ಲ, ಬಳೆ ಶಾಸ್ತ್ರಕ್ಕೂ ಇಲ್ಲ, ಧಾರೆಯ ಹೊತ್ತಿಗೆ ಮುಂದೆ ಬರುವಂತಿರಲಿಲ್ಲ. ಗಂಡ ಬದುಕಿದ್ದಾಗಲೂ ಅವಳು ಪೂರ್ತಿ ಮುತ್ತೈದೆ ಅಲ್ಲ. ಕೆಲವು ಜಾತಿಗಳಲ್ಲಿ ಕೂಡಿಕೆಯವರ ಮಕ್ಕಳದೇ ಬೇರೆ ಸಾಲು. ಧಾರೆಯ ಸಾಲಿನವರು ಕೆಲವು ತಲೆಮಾರು ಅವರ ಮನೆಯಿಂದ ಹೆಣ್ಣು ತರುತ್ತಿರಲಿಲ್ಲ.

ಕೂಡಿಕೆಯನ್ನು ಹಾಡಿ ಹೊಗಳಲು ನಾವು ಕೂತಿಲ್ಲ. ಅದರಲ್ಲಿ ಹೆಣ್ಣಿಗೆ ನಷ್ಟವೂ ಇತ್ತು. ಮೊದಲ ಗಂಡನಿಂದ ಹುಟ್ಟಿದ ಮಕ್ಕಳು ಸಾಮಾನ್ಯವಾಗಿ ಅವನ ಮನೆಗೇ ಉಳಿಯುತ್ತಿದ್ದರು. ತೆರ ಅನ್ನುವುದೇ ಹೆಣ್ಣನ್ನು ದನದಂತೆ ಲೆಕ್ಕ ಹಾಕುವ ಪದ್ಧತಿ ಎಂದರೆ ಇಲ್ಲ ಎನ್ನಲಾಗದು. ಮನೆಯಲ್ಲಿ ಹೆಂಡತಿ ಇರುವಾಗಲೇ ಕೂಡಿಕೆಯ ಹೆಸರಲ್ಲಿ ಇನ್ನೊಬ್ಬಳನ್ನು ತಂದವರೂ ಇದ್ದರು. ಆದರೂ ಅದರಲ್ಲಿ ಒಂದು ಬಾಗಿಲಿತ್ತು. ಒದೆ ತಿಂದವಳು ಆಚೆ ಬರಬಹುದಿತ್ತು, ಬಂದು ಮತ್ತೆ ಬಾಳಬಹುದಿತ್ತು. ಧಾರೆಯ ಮದುವೆಯಲ್ಲಿ ಮರ್ಯಾದೆ ಇತ್ತು, ಬಾಗಿಲು ಕಷ್ಟ. ಕೂಡಿಕೆಯಲ್ಲಿ ಬಾಗಿಲಿತ್ತು, ಮರ್ಯಾದೆ ಅರ್ಧ.

ಜೈಲಿಗೆ ಬೇಕಾದರೆ ಹೋಗುತ್ತೇನೆ ಅಂದವಳು

ಬಾಗಿಲು ಇಲ್ಲದ ಮದುವೆ ಹೇಗಿರುತ್ತದೆ ಎಂದು ಇಡೀ ದೇಶಕ್ಕೆ ತೋರಿಸಿದ್ದು ಮುಂಬೈನ ರಖ್ಮಾಬಾಯಿ. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬೈ ಪ್ರಾಂತ್ಯಕ್ಕೇ ಸೇರಿದ್ದವು. ಮುಂಬೈ ಹೈಕೋರ್ಟು ಹೇಳಿದ್ದೇ ಅಲ್ಲಿಯ ಕಾನೂನು.

ರಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ, ಬಡಗಿ ಕಸುಬಿನ ಸುತಾರ ಜಾತಿಯಲ್ಲಿ. ಅವರ ಜಾತಿಯಲ್ಲೂ ವಿಧವೆ ಮತ್ತೆ ಮದುವೆಯಾಗುವ ಪದ್ಧತಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಜಯಂತಿಬಾಯಿ ಡಾಕ್ಟರ್ ಸಖಾರಾಂ ಅರ್ಜುನ್ ಅವರನ್ನು ಮದುವೆಯಾದರು. ಅಂದರೆ ಅಮ್ಮನಿಗೆ ಎರಡನೇ ಬಾಳು ಸಿಕ್ಕಿತು. ಮಗಳಿಗೆ ಮಾತ್ರ 11 ವರ್ಷಕ್ಕೆ ದಾದಾಜಿ ಭಿಕಾಜಿ ಎಂಬ ಹುಡುಗನ ಜೊತೆ ಮದುವೆ ಮಾಡಿಬಿಟ್ಟಿದ್ದರು. ಅವಳು ಅವನ ಮನೆಗೆ ಬಾಳಲು ಹೋಗಲೇ ಇಲ್ಲ. ಮಲತಂದೆಯ ಮನೆಯಲ್ಲೇ ಇದ್ದು ಓದಿಕೊಂಡಳು.

1884ರಲ್ಲಿ ದಾದಾಜಿ ಕೋರ್ಟಿಗೆ ಹೋದ. ಹೆಂಡತಿಯನ್ನು ನನ್ನ ಮನೆಗೆ ಕಳಿಸಿಕೊಡಿ ಅನ್ನುವುದು ಅವನ ದಾವೆ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅವಳ ಪರ ತೀರ್ಪು ಕೊಟ್ಟರು. ಬುದ್ಧಿ ಬಲಿಯುವ ಮೊದಲೇ ಮಾಡಿದ ಮದುವೆಗೆ ದೊಡ್ಡವಳಾದ ಮೇಲೆ ಬಲವಂತ ಮಾಡುವುದು ಸರಿಯಲ್ಲ ಎಂಬುದು ಅವರ ನಿಲುವು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್ ಗಂಡನ ಮನೆಗೆ ಹೋಗಬೇಕು, ಇಲ್ಲದಿದ್ದರೆ ಆರು ತಿಂಗಳ ತನಕ ಜೈಲು ಎಂದು ಆದೇಶ ಕೊಟ್ಟರು. ರಖ್ಮಾಬಾಯಿ ಜೈಲಿಗೇ ಹೋಗುತ್ತೇನೆ ಎಂದರು.

1888ರಲ್ಲಿ ರಾಜಿಯಾಯಿತು. ದಾದಾಜಿ 2,000 ರೂಪಾಯಿ ತೆಗೆದುಕೊಂಡು ಹಕ್ಕು ಬಿಟ್ಟ. ನಮ್ಮ ಅಜ್ಜಿಯ ಅಪ್ಪ ತೆರ ವಾಪಸ್ಸು ಕೊಟ್ಟು ಬಿಡಿಸಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಳ್ಳಿಯ ಕಟ್ಟೆಯಲ್ಲಿ ಎರಡು ಕುರಿಯಲ್ಲಿ ಮುಗಿದದ್ದು, ಹೈಕೋರ್ಟಿನಲ್ಲಿ ನಾಲ್ಕು ವರ್ಷ ನಡೆದು ಅದೇ ಜಾಗಕ್ಕೆ ಬಂದು ನಿಂತಿತು.

ರಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಓದಿ ಬಂದರು. ಸೂರತ್, ರಾಜಕೋಟೆಗಳಲ್ಲಿ ಹೆಂಗಸರ ಆಸ್ಪತ್ರೆಯಲ್ಲಿ ದುಡಿದರು. ಮತ್ತೆ ಮದುವೆಯಾಗಲಿಲ್ಲ. ಅವರು ತೀರಿಕೊಂಡದ್ದು 1955ರಲ್ಲಿ. ಹಿಂದೂ ವಿವಾಹ ಕಾಯಿದೆ ಬಂದದ್ದೂ ಅದೇ ವರ್ಷ.

ಬಾಗಿಲು ಮುಚ್ಚಿದ್ದು ಹೇಗೆ

ಸುಧಾರಣೆಯ ಕಾನೂನುಗಳು ಒಂದೊಂದಾಗಿ ಬಂದವು. ವಿಧವಾ ವಿವಾಹಕ್ಕೆ ಬ್ರಿಟಿಷರು 1856ರಲ್ಲೇ ಕಾಯಿದೆ ಮಾಡಿದ್ದರು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹದ ಮೇಲೆ ನಿಬಂಧನೆ ತಂದು, 8 ವರ್ಷದೊಳಗಿನ ಹುಡುಗಿಯ ಮದುವೆಯನ್ನು ತಡೆಯಿತು. 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ ಎಂದೂ ಹೇಳಿತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದು ಗೆರೆ ಹಾಕಿತು. 1978ರಲ್ಲಿ ಅದು 18 ಮತ್ತು 21 ಆಯಿತು.

ಇವೆಲ್ಲ ಒಳ್ಳೆಯದಕ್ಕೇ ಬಂದವು. ಆದರೆ ಒಂದೊಂದು ಕಾನೂನಿನ ಏಟು ಬೇರೆ ಕಡೆಯೂ ಬಿದ್ದಿತು. 1856ರ ಕಾಯಿದೆಯಲ್ಲಿ ವಿಧವೆ ಮತ್ತೆ ಮದುವೆಯಾದರೆ ಸತ್ತ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುತ್ತದೆ ಎಂಬ ಕಲಮಿತ್ತು. ಮೇಲ್ಜಾತಿಯ ವಿಧವೆಗೆ ಮದುವೆಯ ಹಕ್ಕು ಹೊಸದು, ಆಸ್ತಿ ಹೋದದ್ದು ಅದಕ್ಕೆ ಕೊಟ್ಟ ಬೆಲೆ. ಆದರೆ ಉಡಿಕೆ ಮೊದಲಿಂದಲೂ ಇದ್ದ ಜಾತಿಯ ಹೆಂಗಸಿಗೆ ಈ ಕಾನೂನಿನಿಂದ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಆದರೂ ಆಸ್ತಿ ಕಳೆಯುವ ಕಲಮು ಅವಳಿಗೂ ಅನ್ವಯಿಸುತ್ತದೆ ಎಂದೇ ಮುಂಬೈ ಹೈಕೋರ್ಟು ತೀರ್ಮಾನಿಸಿತು. ಅಲಹಾಬಾದ್ ಹೈಕೋರ್ಟು ಮಾತ್ರ ಬೇರೆ ದಾರಿ ಹಿಡಿಯಿತು.

ಕಾನೂನಿಗಿಂತ ಜೋರಾಗಿ ಬಾಗಿಲು ಮುಚ್ಚಿದ್ದು ಮರ್ಯಾದೆಯ ಆಸೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದನ್ನು ಚೆನ್ನಾಗಿ ಗುರುತಿಸಿದರು. ಒಂದು ಜಾತಿ ಸ್ವಲ್ಪ ದುಡ್ಡು, ಭೂಮಿ ಕಂಡುಕೊಂಡು ಮೇಲೆ ಹೋಗಬೇಕು ಅಂದುಕೊಂಡಾಗ ಮೇಲಿನವರ ಆಚಾರವನ್ನು ಹಿಡಿಯುತ್ತದೆ. ಮಾಂಸ, ಹೆಂಡ ಬಿಡುವುದರ ಜೊತೆಗೆ ವಿಧವೆಯ ಮರುಮದುವೆಯನ್ನೂ, ಹೆಣ್ಣಿನ ಬಿಡುಗಡೆಯನ್ನೂ ಬಿಡುತ್ತದೆ. "ನಮ್ಮಲ್ಲಿ ಕೂಡಿಕೆ ಇಲ್ಲ" ಅನ್ನುವುದು ದೊಡ್ಡವರಾದ ಗುರುತಾಯಿತು. ಆ ದೊಡ್ಡಸ್ತಿಕೆಯ ಕಂದಾಯ ಕಟ್ಟಿದವರು ಮನೆಯ ಹೆಣ್ಣುಮಕ್ಕಳು.

ಅದೇ ಹೊತ್ತಿಗೆ ದುಡ್ಡಿನ ದಿಕ್ಕೂ ತಿರುಗಿತು. ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ಎಂಬ ಮೂವರು ಬೆಂಗಳೂರಿನ ಪಶ್ಚಿಮಕ್ಕಿರುವ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1983ರಲ್ಲಿ ಅದನ್ನು ಪ್ರಕಟಿಸಿದರು. ತೆರ ಕೊಡುತ್ತಿದ್ದ ಹಳ್ಳಿಗಳಲ್ಲೇ ವರದಕ್ಷಿಣೆ ಬೇರು ಬಿಟ್ಟದ್ದನ್ನು ಅವರು ಕಂಡರು. ಜನಸಂಖ್ಯೆ ಏರಿದಾಗ, ತನಗಿಂತ ಬಹಳ ಚಿಕ್ಕ ಹುಡುಗಿಯನ್ನು ಮದುವೆಯಾಗುವ ರೂಢಿಯಿಂದ ಗಂಡುಗಳಿಗಿಂತ ಮದುವೆಗೆ ಬಂದ ಹೆಣ್ಣುಗಳ ಲೆಕ್ಕ ಹೆಚ್ಚಾಯಿತು. ಓದಿದ, ಸಂಬಳದ ಕೆಲಸದಲ್ಲಿರುವ ಹುಡುಗನಿಗೆ ಪೈಪೋಟಿ ಶುರುವಾಯಿತು. ಶ್ರೀನಿವಾಸ್ ಕೂಡ ಈಗಿನ ವರದಕ್ಷಿಣೆ ಹಳೇ ಸಂಪ್ರದಾಯವಲ್ಲ, ಸಂಬಳದ ನೌಕರಿಗಳ ಜೊತೆ ಬೆಳೆದ ಹೊಸ ಪಿಡುಗು ಎಂದೇ ಹೇಳುತ್ತಿದ್ದರು. 1961ರ ವರದಕ್ಷಿಣೆ ನಿಷೇಧ ಕಾಯಿದೆ ಅದನ್ನು ತಡೆಯಲಿಲ್ಲ ಎನ್ನುವುದು ನಿಮಗೆ ನಾವು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ತೆರದ ಕಾಲದಲ್ಲಿ ಹುಡುಗಿ ಒದೆ ತಿಂದು ವಾಪಸ್ಸು ಬಂದರೆ ಅಪ್ಪ ತೆಗೆದುಕೊಂಡ ಹಣ ಹಿಂದಕ್ಕೆ ಕೊಟ್ಟರೆ ಸಾಕು. ಎರಡು ಕುರಿ ಹೋಯಿತು, ಮಗಳು ಉಳಿದಳು. ವರದಕ್ಷಿಣೆ ಕಾಲದಲ್ಲಿ ಅಪ್ಪ ಆಗಲೇ ಕೊಟ್ಟು ಮುಗಿಸಿದ್ದಾನೆ. ಕಲ್ಯಾಣ ಮಂಟಪ, ಚಿನ್ನ, ಬೈಕು ಅಂತ ಸಾಲದಲ್ಲಿ ಇದ್ದಾನೆ. ಅವಳು ವಾಪಸ್ಸು ಬಂದರೆ ಕೊಟ್ಟದ್ದು ಬರುವುದಿಲ್ಲ, ಮತ್ತೊಂದು ಮದುವೆಗೆ ಕೈಯಲ್ಲಿ ಏನೂ ಇಲ್ಲ. ಆಗ ಅಪ್ಪನ ಬಾಯಲ್ಲಿ ಬರುವುದು ಒಂದೇ ಮಾತು: "ಹೊಂದಿಕೊಂಡು ಹೋಗಮ್ಮ."

ಈ ಮಾತನ್ನು ನಾವು ಪೊಲೀಸ್ ಠಾಣೆಯ ಮುಂದೆ ಸುದ್ದಿಗೆ ನಿಂತಾಗ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡಿದ್ದೇವೆ ಎಂದರು. ಅಜ್ಜಿ ಹೇಳಿದ ಸಂಜೆಯ ಹೆದರಿಕೆ ಇನ್ನೂ ಎಷ್ಟು ಮನೆಗಳಲ್ಲಿದೆ ಎನ್ನಲು ಇಷ್ಟು ಸಾಕು.

ಸುಖವನ್ನು ವರ್ಷವರ್ಷವೂ ಕೇಳಿದವರು

ಮದುವೆಯಾದರೆ ಸುಖ ಹೆಚ್ಚುತ್ತದೆಯೇ? ಇದನ್ನು ಬಾಯಿಮಾತಿಗೆ ಬಿಡದೆ ಅಳೆದು ನೋಡಿದವರಿದ್ದಾರೆ. ಜರ್ಮನಿಯಲ್ಲಿ 1984ರಿಂದ ಒಂದು ಸಮೀಕ್ಷೆ ನಡೆಯುತ್ತಿದೆ. ಅದೇ ಜನರನ್ನು ಪ್ರತಿ ವರ್ಷ ಹೋಗಿ ನಿಮ್ಮ ಬಾಳು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ, ಹತ್ತಕ್ಕೆ ಎಷ್ಟು ಅಂಕ ಎಂದು ಕೇಳುತ್ತಾರೆ. ಮದುವೆಗೆ ಮೊದಲು, ಮದುವೆಯ ವರ್ಷ, ಆಮೇಲೆ ಎಂದು ಒಬ್ಬರದೇ ಅಂಕವನ್ನು ಸಾಲಾಗಿ ನೋಡಬಹುದು.

ರಿಚರ್ಡ್ ಲ್ಯೂಕಸ್ ಮತ್ತು ಅವರ ಜೊತೆಗಾರರು 24,000ಕ್ಕೂ ಹೆಚ್ಚು ಜನರ 15 ವರ್ಷದ ಉತ್ತರಗಳನ್ನು ನೋಡಿ 2003ರಲ್ಲಿ ಬರೆದರು. ಮದುವೆಯ ಆಸುಪಾಸಿನಲ್ಲಿ ಅಂಕ ಏರುತ್ತದೆ, ಆದರೆ ಸರಾಸರಿಯಲ್ಲಿ ಆ ಏರಿಕೆ ಸಣ್ಣದು. ಕೆಲವೇ ವರ್ಷದಲ್ಲಿ ಬಹುಪಾಲು ಜನ ಮೊದಲಿದ್ದ ಜಾಗಕ್ಕೆ ಹತ್ತಿರ ಬಂದು ನಿಲ್ಲುತ್ತಾರೆ. ಮುಖ್ಯವಾದ ಮಾತು ಇನ್ನೊಂದು. ಸರಾಸರಿಯ ಒಳಗೆ ಎರಡು ಥರದವರಿದ್ದರು. ಮೊದಲ ವರ್ಷಗಳಲ್ಲಿ ಮದುವೆಯಿಂದ ನಿಜಕ್ಕೂ ಹಿಗ್ಗಿದವರು ಬಹಳ ಕಾಲ ಮೇಲೇ ಉಳಿದರು. ಮೊದಲಲ್ಲೇ ಕುಗ್ಗಿದವರು ಆಮೇಲೂ ಕೆಳಗೇ ಉಳಿದರು. ಮಕ್ಕಳಾದ ಮೇಲೆ ಸರಿಹೋಗುತ್ತದೆ ಎಂಬ ನಮ್ಮೂರ ಸಮಾಧಾನವನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಅದೇ ಜರ್ಮನಿಯ ಲೆಕ್ಕವನ್ನು ಝಿಮ್ಮರ್‌ಮನ್, ಈಸ್ಟರ್ಲಿನ್ ಎಂಬಿಬ್ಬರು 2006ರಲ್ಲಿ ಮತ್ತೊಂದು ರೀತಿ ನೋಡಿದರು. ಹೊಸತರ ಹಿಗ್ಗು ಇಳಿದ ಮೇಲೂ ಜೊತೆಗಾರ ಇರುವವರ ತೃಪ್ತಿ ಒಂಟಿಯಾಗಿದ್ದಾಗಿನದಕ್ಕಿಂತ ಮೇಲೆ ಇತ್ತು. ಮದುವೆಯಾಗದೆ ಜೊತೆಗಿದ್ದವರಿಗೂ ಆ ಲಾಭ ಇತ್ತು. ಅಂದರೆ ಉಳಿದ ಸುಖ ಬಂದದ್ದು ಜೊತೆಯಿಂದ.

ಬ್ರಿಟನ್ನಿನ ಸಮೀಕ್ಷೆಗಳನ್ನು ಹಿಡಿದು ಗ್ರೋವರ್ ಮತ್ತು ಹೆಲಿವೆಲ್ ಮಾಡಿದ ಅಧ್ಯಯನ ಇನ್ನೂ ಸರಳ. ಗಂಡನನ್ನೋ ಹೆಂಡತಿಯನ್ನೋ ತನ್ನ ಅತಿ ಹತ್ತಿರದ ಗೆಳೆಯ ಎಂದು ಹೇಳಿದವರಿಗೆ ಮದುವೆಯಿಂದ ಸಿಕ್ಕಿದ ಸುಖ ಮಿಕ್ಕವರಿಗೆ ಸಿಕ್ಕಿದ್ದಕ್ಕಿಂತ ಸುಮಾರು ಎರಡರಷ್ಟು.

ಜರ್ಮನಿ, ಬ್ರಿಟನ್ ನಮ್ಮ ಹಾಗಲ್ಲ ಎಂದು ನೀವು ಹೇಳಬಹುದು. ಸರಿ. ನೇಪಾಳದ ಚಿತ್ವನ್ ಕಣಿವೆಗೆ ಬನ್ನಿ. ಭತ್ತ ಬೆಳೆಯುವ ಸೀಮೆ, ಅಪ್ಪ ಅಮ್ಮ ನೋಡಿ ಮಾಡುವ ಮದುವೆ, ಜಾತಿ ಎಲ್ಲ ಇದೆ. ಅಲ್ಲಿ ಅಲೆಂಡಾರ್ಫ್ ಮತ್ತು ಘಿಮಿರೆ ಗಂಡ ಹೆಂಡತಿಯರ ತೃಪ್ತಿ, ಮಾತುಕತೆ, ಒಡನಾಟ, ಜಗಳ ಎಲ್ಲ ಕೇಳಿ 2013ರಲ್ಲಿ ಪ್ರಕಟಿಸಿದರು. ದಾಂಪತ್ಯ ಚೆನ್ನಾಗಿದೆ ಎಂದವರು ಯಾರು ಗೊತ್ತೇ? ಹೆಚ್ಚು ಓದಿದವರು. ಸಂಗಾತಿಯನ್ನು ಆರಿಸುವಾಗ ತಮ್ಮ ಮಾತೂ ನಡೆದವರು. ಹೆಚ್ಚು ವರ್ಷ ಜೊತೆಗೆ ಬಾಳಿದವರು. ಮತ್ತೆ, ಹೆಂಗಸರಿಗಿಂತ ಗಂಡಸರು. ಜಾತಿಯಿಂದ ಹೆಚ್ಚು ವ್ಯತ್ಯಾಸವೇನೂ ಕಾಣಲಿಲ್ಲ. ಮಕ್ಕಳ ಸಂಖ್ಯೆಯಿಂದಲೂ ಇಲ್ಲ.

ನಾವು ಹೆಣ್ಣು ನೋಡಲು ಹೋದಾಗ ಮೊದಲು ಕೇಳುವುದು ಯಾವುದು, ಕೊನೆಗೂ ಕೇಳದೆ ಬಿಡುವುದು ಯಾವುದು? ಜಾತಿ, ಕುಲ, ಜಾತಕ ಮೊದಲು. ಹುಡುಗಿಗೆ ಇಷ್ಟವೇ ಅನ್ನುವುದು ಕಾಫಿ ಲೋಟ ವಾಪಸ್ಸು ತೆಗೆದುಕೊಳ್ಳುವಾಗ, ಅದೂ ಎಲ್ಲರ ಎದುರಿಗೆ.

ಈಗಿನ ಬಾಗಿಲುಗಳು

1955ರ ಹಿಂದೂ ವಿವಾಹ ಕಾಯಿದೆ ಎಲ್ಲ ಹಿಂದೂಗಳಿಗೂ ವಿಚ್ಛೇದನದ ದಾರಿ ತೆರೆಯಿತು, ಗಂಡಸಿಗೆ ಒಬ್ಬಳೇ ಹೆಂಡತಿ ಎಂದಿತು. ಜಾತಿಯ ಪದ್ಧತಿಯಂತೆ ಆಗುತ್ತಿದ್ದ ಬಿಡುಗಡೆಯನ್ನು ಅದು ಅಳಿಸಲಿಲ್ಲ. 29ನೇ ಕಲಮಿನಲ್ಲಿ ಅದನ್ನು ಉಳಿಸಿದೆ. ಆದರೆ ಆ ಪದ್ಧತಿ ನಮ್ಮ ಜಾತಿಯಲ್ಲಿ ಹಿಂದಿನಿಂದ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಸುಮ್ಮನೆ ಛಾಪಾಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿ ಸಹಿ ಹಾಕಿಸಿಕೊಂಡರೆ ವಿಚ್ಛೇದನ ಆಗಿಹೋಯಿತು ಎಂದು ನಂಬಬೇಡಿ. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯನ್ನು 1976ರಲ್ಲಿ ಸೇರಿಸಿದರು. ರಖ್ಮಾಬಾಯಿಯ ಮೇಲೆ ಹಾಕಿದಂಥ, ಜೊತೆಗೆ ಬಾಳಲು ಬರುವಂತೆ ಕೇಳುವ ದಾವೆಗೆ ಮಾತ್ರ ಅದೇ ಕಾಯಿದೆಯ 9ನೇ ಕಲಮಿನಲ್ಲಿ ಇನ್ನೂ ಜಾಗ ಇದೆ.

ಮದುವೆಯ ದಾಖಲೆ ಇಲ್ಲದೆ ಬಾಳಿದವರಿಗೂ ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಸುಮಾರು 50 ವರ್ಷ ಗಂಡ ಹೆಂಡತಿಯಂತೆ ಬಾಳಿದ ಒಂದು ಜೋಡಿಯ ವಿಷಯದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು ಅವರನ್ನು ದಂಪತಿ ಎಂದೇ ಭಾವಿಸಬೇಕು, ಅಲ್ಲ ಅನ್ನುವವರೇ ಅದನ್ನು ಸಾಬೀತು ಮಾಡಲಿ ಎಂದಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ಮದುವೆಯ ರೀತಿಯ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ.

ಅದಕ್ಕೂ ಗಡಿ ಇದೆ. 2010ರಲ್ಲಿ ಸುಪ್ರೀಂ ಕೋರ್ಟು ಷರತ್ತುಗಳನ್ನು ಹೇಳಿತು. ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಇಬ್ಬರೂ ಬೇರೆ ಮದುವೆಯಲ್ಲಿ ಇರಬಾರದು, ಸಾಕಷ್ಟು ಕಾಲ ಸ್ವಇಚ್ಛೆಯಿಂದ ಜೊತೆಗಿದ್ದು ನಾಲ್ಕು ಜನರ ಎದುರು ಗಂಡ ಹೆಂಡತಿಯಂತೆ ನಡೆದಿರಬೇಕು. 2013ರಲ್ಲಿ ಬೆಂಗಳೂರಿನ ಒಂದು ಪ್ರಕರಣದಲ್ಲಿ, ಮೊದಲೇ ಮದುವೆಯಾಗಿದ್ದ ಗಂಡಸಿನ ಜೊತೆ ವರ್ಷಗಟ್ಟಲೆ ಬಾಳಿದ ಹೆಂಗಸಿಗೆ ಈ ರಕ್ಷಣೆ ಸಿಗಲಿಲ್ಲ. ಇಂಥವರಿಗಾಗಿ ಸಂಸತ್ತು ಯೋಚಿಸಬೇಕು ಎಂದು ಕೋರ್ಟು ಹೇಳಿತು, ಅವಳು ಬರಿಗೈಯಲ್ಲಿ ಉಳಿದಳು.

ಆದ್ದರಿಂದ ಬೆಂಗಳೂರಿನಲ್ಲಿ ಜೊತೆಗಿರುವ ನಮ್ಮೂರ ಹೆಣ್ಣುಮಕ್ಕಳಿಗೆ ಒಂದು ಮಾತು. ಅವನಿಗೆ ಮೊದಲೇ ಮದುವೆಯಾಗಿದೆಯೇ ಎಂದು ಊರಿಗೆ ಹೋಗಿಯಾದರೂ ತಿಳಿದುಕೊಳ್ಳಿ. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರೂ ಇರಲಿ, ಸಂಬಳದ ಬ್ಯಾಂಕ್ ಖಾತೆ ನಿಮ್ಮದೇ ಇರಲಿ. ಹಿಂಸೆಯಾದರೆ, ಮದುವೆಯಾಗಿರಲಿ ಇಲ್ಲದಿರಲಿ, ತಾಲೂಕಿನ ಸಿಡಿಪಿಒ ಕಚೇರಿಯಲ್ಲಿ ದೂರು ಕೊಡಬಹುದು. 181ಕ್ಕೆ ಫೋನ್ ಮಾಡಬಹುದು.

ನಮ್ಮ ತಪ್ಪು

ಇಷ್ಟೆಲ್ಲ ಬರೆದ ನಾವು ನಮ್ಮ ಮದುವೆಯಲ್ಲಿ ಏನು ಮಾಡಿದೆವು ಎಂದು ಹೇಳದಿದ್ದರೆ ಅನ್ಯಾಯ.

ಮದುವೆಯ ಹಿಂದಿನ ದಿನ ಅಮ್ಮ ಹತ್ತಿರ ಬಂದು, "ಧಾರೆ ಹೊತ್ತಿಗೆ ಅಜ್ಜಿ ಮುಂದೆ ಬರೋದು ಬೇಡ ಕಣಪ್ಪ, ಹೆಣ್ಣಿನ ಕಡೆಯವರು ಏನಾದ್ರೂ ಅಂದ್ಕೋತಾರೆ" ಅಂದರು. ಅಪ್ಪ ಅಲ್ಲೇ ಇದ್ದರು. ಅವರ ಹೆತ್ತ ತಾಯಿಯ ಮಾತು ಅದು. ಅವರು ನೆಲ ನೋಡಿದರು. ನಾವು ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷ ಪೇಪರಿಗೆ ಬರೆದು, ಅಜ್ಜಿಯ ಸಂದರ್ಶನವನ್ನೂ ಮಾಡಿದ್ದವರು. ನಾವೂ ಸುಮ್ಮನಿದ್ದೆವು.

ಧಾರೆ ಮುಗಿದ ಮೇಲೆ ಕಾಲಿಗೆ ಬೀಳಲು ಹುಡುಕಿಕೊಂಡು ಹೋದರೆ ಅಜ್ಜಿ ಹಿಂದುಗಡೆ ಬಾಳೆ ಎಲೆ ಒರೆಸುತ್ತಾ ಕೂತಿದ್ದಳು. ತಲೆ ಮೇಲೆ ಕೈ ಇಟ್ಟಳು. ನಮ್ಮ ಹೆಂಡತಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಏನೆಂದು ಆಮೇಲೆ ಗೊತ್ತಾಯಿತು. "ಇವ್ನು ಕೈ ಎತ್ತಿದ್ರೆ ನನ್ ಹತ್ರ ಬಾ ಮಗ."

ಮದುವೆ ಮನೆಯಲ್ಲಿ ನೂರಾರು ಜನ ಅಕ್ಷತೆ ಹಾಕಿ ಹರಸಿದ್ದರು. ಹೆಣ್ಣುಮಗಳಿಗೆ ಒಂದು ಬಾಗಿಲು ತೆರೆದಿಟ್ಟವಳು ಅವಳೊಬ್ಬಳೇ.

ಅಜ್ಜಿ ಈಗಿಲ್ಲ. ಅವಳು ಬಾಳಿದ್ದು ತೋರಿಸುವುದೂ, ಜರ್ಮನಿಯಿಂದ ಚಿತ್ವನ್ ತನಕ ಎಣಿಸಿದವರು ಹೇಳುವುದೂ ಒಂದೇ. ಧಾರೆಯ ದಿನದ ಹಿಗ್ಗು ಕೆಲವು ವರ್ಷದ್ದು. ಮುಂದಿನ ನಲವತ್ತು ವರ್ಷಕ್ಕೆ ಬೇಕಾದ್ದು ಬೇರೆ. ಹೋಗುವಾಗ ಅವಳ ಒಪ್ಪಿಗೆ ಇರಬೇಕು, ಹೋದ ಮೇಲೆ ಮನೆಯಲ್ಲಿ ಸ್ನೇಹ ಇರಬೇಕು, ಇಲ್ಲದಿದ್ದರೆ ತಲೆ ಎತ್ತಿಕೊಂಡು ವಾಪಸ್ಸು ಬರಲು ತವರಿನಲ್ಲಿ ಜಾಗ ಇರಬೇಕು. ನಮ್ಮ ಹಿರಿಯರು ಮರ್ಯಾದೆಯನ್ನು ಒಂದು ಕಡೆ, ಬಾಗಿಲನ್ನು ಒಂದು ಕಡೆ ಇಟ್ಟಿದ್ದರು. ಎರಡನ್ನೂ ಒಂದೇ ಮನೆಯಲ್ಲಿ ಇಡುವ ಕೆಲಸ ನಮ್ಮ ಕಾಲದ್ದು.

ನಿಮ್ಮ ಮನೆಯಲ್ಲೂ ಮದುವೆಯ ದಿನ ಒಲೆಯ ಹತ್ತಿರವೇ ಉಳಿಯುವ ಒಬ್ಬ ಅಜ್ಜಿಯೋ ಚಿಕ್ಕಮ್ಮನೋ ಇದ್ದರೆ, ಪಕ್ಕದಲ್ಲಿ ಕೂತು ಅವರ ಕಥೆ ಕೇಳಿ.

ಬರುವ ಮಾಘದಲ್ಲಿ ನಮ್ಮ ತಂಗಿಯ ಮದುವೆ. ಹುಡುಗನನ್ನು ಅವಳೇ ನೋಡಿ ಒಪ್ಪಿದ್ದಾಳೆ. ನಮ್ಮ ಬೀದಿಯಲ್ಲಿ ಕೂಡಿಕೆಯವರು ಇನ್ನೊಬ್ಬರು ಅಜ್ಜಿ ಇದ್ದಾರೆ. ಮೊದಲ ಅಕ್ಷತೆ ಅವರ ಕೈಯಿಂದಲೇ ಬೀಳಲಿ ಎಂದು ಅಮ್ಮನಿಗೆ ಹೇಳಿದ್ದೇವೆ. ಅಮ್ಮ ಇನ್ನೂ ಉತ್ತರ ಕೊಟ್ಟಿಲ್ಲ. ಅಪ್ಪ ಮಾತ್ರ ನೆನ್ನೆ ಸಂಜೆ ಆ ಅಜ್ಜಿಯ ಮನೆ ಕಡೆ ಹೋಗಿ ಬಂದರು.